ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿದೆ, ಐದನೇ ದಿನ ಮತ್ತೆ ಜ್ವರ. ಯಾಕೆ?

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ಮೊದಲು ಹೊಕ್ಕುಳ ಸುತ್ತ ನೋವಿತ್ತು, ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ಎರಡನೇ ದಿನ ರಾತ್ರಿ ಇದ್ದಕ್ಕಿದ್ದಂತೆ ನೋವು ಕಡಿಮೆ ಆಯ್ತು. ಸದ್ಯ, ಬಚಾವಾದೆವು ಅಂದುಕೊಂಡು ಮಲಗಿದೆವು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಹಲಗೆ ಥರ ಗಟ್ಟಿ, ಚಳಿಜ್ವರ. ಅಪೆಂಡಿಕ್ಸ್ ಒಡೆದಿದೆ ಅಂತ ಹೊಟ್ಟೆ ತೆರೆದು ಆಪರೇಷನ್ ಮಾಡಿದರು. ಇವತ್ತಿಗೆ ಐದು ದಿನ. ಹೊಟ್ಟೆಗೆ ಪೈಪ್ ಹಾಕಿದ್ದಾರೆ, ಗಾಯವನ್ನು ಪೂರ್ತಿ ಹೊಲಿದಿಲ್ಲ, ನಿನ್ನೆಯಿಂದ ಮತ್ತೆ ಜ್ವರ. ಸಿಟಿ ಸ್ಕ್ಯಾನ್ ಮಾಡಬೇಕು ಅಂತಿದ್ದಾರೆ. ಆಪರೇಷನ್ ಸರಿಯಾಗಿ ಆಗಿಲ್ವಾ? ಇನ್ನೂ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ ಅಂತ ಕೇಳಬೇಕಾ?

ಉತ್ತರ: ನಾನು ನಿಮ್ಮ ತಮ್ಮನನ್ನು ನೋಡಿಲ್ಲ, ಅದು ನೆನಪಿರಲಿ. ಆದರೆ ನೀವು ಹೇಳಿದ್ದು ನನಗೆ ತುಂಬ ಪರಿಚಯದ ಕಥೆ.

ಆ ರಾತ್ರಿ ನೋವು ಇಳಿದದ್ದು ವಾಸಿಯಾಗಿ ಅಲ್ಲ. ಬಾತುಕೊಂಡ ಅಪೆಂಡಿಕ್ಸ್ ಒಳಗೆ ಒತ್ತಡ ಜಾಸ್ತಿ ಇರುತ್ತದೆ. ಒಡೆದ ಕೂಡಲೇ ಒತ್ತಡ ಇಳಿಯುತ್ತದೆ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಅಷ್ಟರಲ್ಲಿ ಒಳಗಿನ ಕೊಳೆ ಹೊಟ್ಟೆಯಲ್ಲಿ ಹರಡಿರುತ್ತದೆ. ಇದರಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಈಗ ಜ್ವರದ ವಿಷಯ. ಐದನೇ ದಿನ ಮತ್ತೆ ಜ್ವರ ಬಂದರೆ ಎದೆ, ಮೂತ್ರ, ಡ್ರಿಪ್ ಹಾಕಿದ ಜಾಗ, ಗಾಯ ಎಲ್ಲವನ್ನೂ ನೋಡುತ್ತೇವೆ. ಆದರೆ ಒಡೆದ ಅಪೆಂಡಿಕ್ಸ್ ಆಗಿದ್ದರೆ ಮೊದಲ ಅನುಮಾನ ಒಳಗೆಲ್ಲೋ ಕೀವು ನಿಂತಿದೆ ಅನ್ನುವುದೇ. ಕರುಳಿನ ಮಡಿಕೆಗಳ ನಡುವೆ, ಕೆಳಗೆ ಸೊಂಟದ ಗುಂಡಿಯಲ್ಲಿ, ಕೆಲವೊಮ್ಮೆ ಲಿವರ್ ಕೆಳಗೆ ಅದು ಸೇರಿಕೊಳ್ಳುತ್ತದೆ. ಎಷ್ಟೇ ಚೆನ್ನಾಗಿ ತೊಳೆದರೂ ಹೀಗಾಗಬಹುದು. ಅದಕ್ಕೇ ಆಪರೇಷನ್ ಕೆಟ್ಟಿತು ಅಂತ ಈಗಲೇ ತೀರ್ಮಾನಿಸಬೇಡಿ.

ಸ್ಟ್ರಾಂಗ್ ಔಷಧಿ ಕೇಳುವ ಮೊದಲು ಒಂದು ಮಾತು. ಆಂಟಿಬಯೋಟಿಕ್ ಹೋಗುವುದು ರಕ್ತದ ಜೊತೆ. ಕೀವಿನ ಗುಂಡಿಯೊಳಗೆ ರಕ್ತನಾಳವೇ ಇಲ್ಲ. ಹಾಗಾಗಿ ಗುಂಡಿ ದೊಡ್ಡದಿದ್ದರೆ ನೀವು ಯಾವ ದುಬಾರಿ ಔಷಧಿ ಕೊಟ್ಟರೂ ಅದು ಬಹುಪಾಲು ಗುಂಡಿಯ ಗೋಡೆಯ ಹೊರಗೇ ನಿಲ್ಲುತ್ತದೆ. ಕೀವಿಗೆ ಬೇಕಾದದ್ದು ಹೊರಗೆ ಹೋಗಲು ದಾರಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಟ್ಟೆಯೊಳಗೆ ಸೋಂಕಾದ 518 ಜನರಿದ್ದರು. ಎಲ್ಲರಲ್ಲೂ ಸೋಂಕಿನ ಮೂಲವನ್ನು ಮೊದಲು ಸರಿಮಾಡಿದ್ದರು. ಆಮೇಲೆ ಒಂದು ಗುಂಪಿಗೆ ಸುಮಾರು 4 ದಿನ, ಇನ್ನೊಂದಕ್ಕೆ ಸುಮಾರು 8 ದಿನ ಆಂಟಿಬಯೋಟಿಕ್ ಕೊಟ್ಟರು. ಎರಡೂ ಕಡೆ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ತೊಂದರೆ ಆಯಿತು. ಜಾಸ್ತಿ ದಿನ ಕೊಟ್ಟದ್ದರಿಂದ ಲಾಭವಾಗಲಿಲ್ಲ.

ಅದಕ್ಕೇ ಸ್ಕ್ಯಾನ್ ಬೇಕು. ಕೀವಿನ ಗುಂಡಿ ಚಿಕ್ಕದಿದ್ದರೆ ಎಷ್ಟೋ ಸಲ ಔಷಧಿಯಲ್ಲೇ ಕರಗುತ್ತದೆ. ದೊಡ್ಡದಿದ್ದರೆ ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೂಲಕ ಸೂಜಿ ಹಾಕಿ, ಸಣ್ಣ ಪೈಪ್ ಇಟ್ಟು ಖಾಲಿ ಮಾಡುತ್ತಾರೆ. ಇದರಿಂದ ಎಷ್ಟೋ ಜನರಿಗೆ ಎರಡನೇ ಆಪರೇಷನ್ ತಪ್ಪುತ್ತದೆ. ಆ ಕೀವನ್ನು ಲ್ಯಾಬ್‌ಗೆ ಕಳಿಸಿದರೆ ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವುದೂ ತಿಳಿಯುತ್ತದೆ. ಹಾಗಾಗಿ "ಇನ್ನೂ ಸ್ಟ್ರಾಂಗ್ ಕೊಡಿ" ಅನ್ನುವ ಬದಲು "ಕೀವು ಎಲ್ಲಾದರೂ ನಿಂತಿದೆಯಾ?" ಅಂತ ಕೇಳಿ.

ಗಾಯ ತೆರೆದಿಟ್ಟದ್ದೂ ಇದೇ ಕಾರಣಕ್ಕೆ. ಒಳಗಿನ ಗಟ್ಟಿ ಪದರವನ್ನು ಹೊಲಿದಿರುತ್ತಾರೆ, ಚರ್ಮ ಮಾತ್ರ ಬಿಟ್ಟಿರುತ್ತಾರೆ. ಗಾಯ ಶುದ್ಧವಾಗಿ ಕಂಡರೆ ಕೆಲವು ದಿನ ಬಿಟ್ಟು ಹೊಲಿಯಬಹುದು, ಇಲ್ಲವೇ ತಾನೇ ಕೆಳಗಿನಿಂದ ತುಂಬಿಕೊಳ್ಳಲು ಬಿಡಬಹುದು.

ಇನ್ನೊಬ್ಬ ಸದಸ್ಯರು: ನಮ್ಮ ಅಕ್ಕನಿಗೆ ಆಪರೇಷನ್ ಇಲ್ಲದೆ ಆಂಟಿಬಯೋಟಿಕ್‌ನಲ್ಲೇ ಅಪೆಂಡಿಕ್ಸ್ ವಾಸಿ ಆಯ್ತಲ್ಲ ಮೇಡಂ?

ಉತ್ತರ: ಆಗುತ್ತದೆ, ಒಡೆಯದೆ ಇದ್ದರೆ. ಆದರೆ ಮತ್ತೆ ಬರಬಹುದು. ಫಿನ್ಲೆಂಡ್‌ನ ಒಂದು ಅಧ್ಯಯನದಲ್ಲಿ ಹೀಗೆ ಔಷಧಿಯಿಂದ ಚಿಕಿತ್ಸೆ ಪಡೆದವರನ್ನು 5 ವರ್ಷ ಗಮನಿಸಿದರು. 100ರಲ್ಲಿ ಸುಮಾರು 39 ಜನರಿಗೆ ಅಷ್ಟರೊಳಗೆ ಮತ್ತೆ ಅದೇ ಕಾಯಿಲೆ ಬಂತು. ಒಳಗೆ ಗಟ್ಟಿಯಾದ ಮಲದ ಕಲ್ಲು ಇದ್ದರೆ ನಾನಂತೂ ಆಪರೇಷನ್ ಕಡೆಗೇ ವಾಲುತ್ತೇನೆ.

ಪ್ರಶ್ನೆ ಕೇಳಿದವರು: ಇನ್ನೊಂದು ಮೇಡಂ. ಬಂದ ಡಾಕ್ಟರೆಲ್ಲ "ಗ್ಯಾಸ್ ಹೋಯ್ತಾ?" ಅಂತಲೇ ಕೇಳುತ್ತಾರೆ. ತಮ್ಮನಿಗೆ ನಾಚಿಕೆ. ಹೊಟ್ಟೆ ಉಬ್ಬಿದೆ, ಊಟ ಕೊಡುತ್ತಿಲ್ಲ.

ಉತ್ತರ: ನಾಚಿಕೆ ಬೇಡ ಅಂತ ಹೇಳಿ, ಅದು ನಮ್ಮ ಕೆಲಸದ ಪ್ರಶ್ನೆ. ಹೊಟ್ಟೆ ತೆರೆದರೆ ಕರುಳು ಮಲಗಿಬಿಡುತ್ತದೆ, ಗ್ಯಾಸ್ ಹೋದರೆ ಅದು ಮತ್ತೆ ಎದ್ದಿದೆ ಅಂತ ಗೊತ್ತಾಗುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ ಏಳುತ್ತದೆ, ಹೊಟ್ಟೆಚೀಲ ಒಂದೆರಡು ದಿನದಲ್ಲಿ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ಪಕ್ಕದಲ್ಲಿ ಕೀವಿದ್ದರೆ ಇನ್ನೂ ತಡ. ಡಾಕ್ಟರ್ ಒಪ್ಪಿದರೆ ಕೈ ಹಿಡಿದು ವಾರ್ಡಿನಲ್ಲೇ ನಡೆಸಿ. ಪಾಪ ಹಸಿದಿದ್ದಾನೆ ಅಂತ ಸುಮ್ನೆ ಕದ್ದು ಏನನ್ನೂ ತಿನ್ನಿಸಬೇಡಿ. ಹಸಿರು ವಾಂತಿ ಆದರೆ ಕೂಡಲೇ ನರ್ಸ್‌ಗೆ ಹೇಳಿ, ಮೂಗಿನ ಮೂಲಕ ನಳಿಕೆ ಹಾಕಬೇಕಾಗಬಹುದು.

ಮತ್ತೆ ಇದನ್ನು ಮಾತ್ರ ಮರೆಯಬೇಡಿ. ಉಸಿರಾಟ ಜೋರಾದರೆ, ಮಾತು ಅಸಂಬದ್ಧವಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ, ರೌಂಡ್ಸ್ ಬರಲಿ ಅಂತ ಕಾಯಬೇಡಿ. ಆಗ ಜ್ವರ ಇರಲೇಬೇಕು ಅಂತಿಲ್ಲ. ಸೋಂಕು ಇಡೀ ಮೈಗೆ ಏರಿರಬಹುದು, ಅಲ್ಲಿ ಗಂಟೆಗಳ ಲೆಕ್ಕ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ): ಸ್ಕ್ಯಾನ್‌ನಲ್ಲಿ ಕೀವು ಕಂಡಿತು. ಸೂಜಿಯಲ್ಲೇ ತೆಗೆದು ಇನ್ನೊಂದು ಪೈಪ್ ಇಟ್ಟಿದ್ದಾರೆ. ಜ್ವರ ಇಳಿದಿದೆ. ಗ್ಯಾಸ್ ಕೂಡ ಹೋಯ್ತು ಮೇಡಂ, ಪಕ್ಕದ ಬೆಡ್‌ನವರೂ ಚಪ್ಪಾಳೆ ತಟ್ಟಿದರು. ಪೈಪ್ ಯಾವಾಗ ತೆಗೆಯುತ್ತಾರೆ?

ಉತ್ತರ: ಆ ಚಪ್ಪಾಳೆಗೆ ನಂದೂ ಸೇರಿಸಿ! ಪೈಪಿಗೆ ಇಂಥದೇ ದಿನ ಅಂತಿಲ್ಲ. ಬರುವುದು ತೀರಾ ಕಡಿಮೆಯಾಗಿ, ಕೀವಿನ ಬದಲು ತಿಳಿಯಾಗಿ, ಜ್ವರವೂ ಇಲ್ಲದಿದ್ದರೆ ತೆಗೆಯುತ್ತಾರೆ. ಜೋರಾಗಿ ಬರುತ್ತಿದ್ದದ್ದು ಒಮ್ಮೆಲೇ ನಿಂತರೆ ಖುಷಿಪಡಬೇಡಿ, ಪೈಪ್ ಕಟ್ಟಿಕೊಂಡಿರಬಹುದು. ದಿನಾ ಎಷ್ಟು ಮಿಲಿ, ಯಾವ ಬಣ್ಣ ಅಂತ ಬರೆದಿಟ್ಟುಕೊಳ್ಳಿ. ಮಗ್ಗುಲು ಬದಲಿಸುವಾಗ ಎಳೆದುಕೊಳ್ಳದಂತೆ ನೋಡಿಕೊಳ್ಳಿ.