ಸಿಜೆ3ಬಿ ಜೀಪಿಗೆ ಡಿಐ ಎಂಜಿನ್ ಹಾಕ್ತಿದೀವಿ, ಎಷ್ಟು ಎತ್ತರಕ್ಕೆ ಕೂರಿಸ್ಬೇಕು?

ಸಕಲೇಶಪುರ_ಜೀಪ್
ಎಲ್ರಿಗೂ ನಮಸ್ಕಾರ. ತೋಟದಲ್ಲಿ ಹಳೇ ಸಿಜೆ3ಬಿ ಇದೆ, ಪೆಟ್ರೋಲ್ ಹರಿಕೇನ್ ಎಂಜಿನ್ದು. ಅದನ್ನ ಇಳಿಸಿ ಮಹೀಂದ್ರಾ 2500 ಡಿಐ ಡೀಸೆಲ್ ಹಾಕ್ತಿದೀವಿ, ಜೊತೆಗೆ ಮೂರು ಗೇರಿನ ಟಿ90 ಬದ್ಲು ನಾಲ್ಕು ಗೇರಿನ ಬಾಕ್ಸು. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಮಾತ್ರ ಹಳೇ ಡಾನಾ 18. ಮೂರೂ ಸೇರಿಸಿ ಬೋಲ್ಟ್ ಹಾಕಿ ಈಗ ಚೈನ್ ಬ್ಲಾಕಲ್ಲಿ ನೇತಾಕಿದೀವಿ, ಎಂಜಿನ್ನ ಚಾಸಿ ಮೇಲೆ ಕೂರಿಸೋ ಫೌಂಡೇಶನ್ ಬ್ರಾಕೆಟ್ ವೆಲ್ಡ್ ಮಾಡೋದೊಂದು ಬಾಕಿ. ನಮ್ಮ ಮೇಸ್ತ್ರಿ ಹೇಳೋದು ಬಾನೆಟ್ಟಿಗೆ ತಾಗದ ಹಾಗೆ ಎಷ್ಟು ಮೇಲೆ ಬರುತ್ತೋ ಅಷ್ಟೂ ಮೇಲೆ ಕೂರಿಸೋಣ, ತೋಟದ ದಾರೀಲಿ ಕಲ್ಲಿಗೆ ಏನೂ ಹೊಡಿಯಲ್ಲ ಅಂತ. ನಂಗ್ಯಾಕೋ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಶಾಫ್ಟ್ ನೋಡಿದ್ರೆ ತುಂಬಾ ಕಡಿದಾಗಿ ಇಳೀತಾ ಇದೆ ಅನ್ಸುತ್ತೆ. ಎತ್ತರನ ಯಾವ ಲೆಕ್ಕದಲ್ಲಿ ಫಿಕ್ಸ್ ಮಾಡೋದು? ಮಾಡಿರೋರು ದಯವಿಟ್ಟು ಹೇಳಿ.

ಲೇತ್_ಹಾಸನ
ಅಣ್ಣ ವೆಲ್ಡಿಂಗ್ ಸ್ವಲ್ಪ ತಡೀರಿ, ನಿಮ್ಮ ಅನುಮಾನ ಸರಿಯಾಗೇ ಇದೆ. ಬಾನೆಟ್ ನೋಡ್ಕೊಂಡು ಎತ್ತರ ಇಡೋದು ಉಲ್ಟಾ ಲೆಕ್ಕ. ಮೊದ್ಲು ಹಿಂದಿನ ತುದಿ ಅಂದ್ರೆ ಟ್ರಾನ್ಸ್‌ಫರ್ ಕೇಸ್ ಎಲ್ಲಿ ಕೂರ್ಬೇಕು ಅನ್ನೋದು ತೀರ್ಮಾನ ಆಗ್ಬೇಕು, ಎಂಜಿನ್ ಮುಂಭಾಗ ಆಮೇಲೆ ಅದನ್ನ ಅನುಸರಿಸಿ ಬರುತ್ತೆ.

ಯಾಕೆ ಅಂದ್ರೆ ಸಿಜೆ3ಬಿ ವೀಲ್‌ಬೇಸೇ 80 ಇಂಚು, ಹಿಂದಿನ ಜಾಯಿಂಟ್ ಶಾಫ್ಟ್ ಮೊದ್ಲೇ ಗಿಡ್ಡ, ಅದ್ರ ಮೇಲೆ ಉದ್ದದ ಗೇರ್ ಬಾಕ್ಸ್ ಹಾಕಿದ್ರೆ ಇನ್ನೂ ಗಿಡ್ಡ ಆಗುತ್ತೆ. ಉದಾಹರಣೆಗೆ ಶಾಫ್ಟ್ 20 ಇಂಚು, ಎರಡು ತುದಿಗೂ 5 ಇಂಚು ಎತ್ತರದ ವ್ಯತ್ಯಾಸ ಅಂತಿಟ್ಕೊಳ್ಳಿ, ಇಳಿಜಾರು ಹತ್ರತ್ರ 14 ಡಿಗ್ರಿ. ಟ್ರಾನ್ಸ್‌ಫರ್ ಕೇಸ್‌ನ ಒಂದೇ ಒಂದು ಇಂಚು ಮೇಲೆತ್ತಿದ್ರೆ 17 ದಾಟುತ್ತೆ. ಎತ್ತರ ಮುಟ್ಟದೆ ಶಾಫ್ಟ್ 16 ಇಂಚಿಗೆ ಇಳಿದ್ರೂ 18 ಆಗುತ್ತೆ. ನಿಮ್ಮಲ್ಲಿ ಎರಡೂ ಒಟ್ಟಿಗೆ ಆಗ್ತಿದೆ, ಅದಕ್ಕೇ ಕಣ್ಣಿಗೇ ಕಡಿದಾಗಿ ಕಾಣ್ತಿರೋದು. ಹಾಗಾಗಿ ರೇಡಿಯೇಟರ್ ಮುಂದೆ ಎಷ್ಟು ಜಾಗ ಮಾಡ್ಕೊಡುತ್ತೋ ಅಷ್ಟೂ ಎಂಜಿನ್ ಮುಂದಕ್ಕೆ ತಳ್ಳಿ, ಅಲ್ಲಿ ಸಿಗೋ ಒಂದೊಂದು ಇಂಚೂ ಶಾಫ್ಟಿಗೆ ಉಳಿಯುತ್ತೆ.

ಅಳತೆ ತಗೊಳ್ಳೋಕೆ ನಿಮ್ಮ ಗಾಡೀಲಿ ಒಳ್ಳೇ ಜಾಗ ಇದೆ, ಟ್ರಾನ್ಸ್‌ಫರ್ ಕೇಸ್ ಹಿಂದಿರೋ ಹ್ಯಾಂಡ್ ಬ್ರೇಕ್ ಡ್ರಮ್ಮು. ಅದ್ರ ಮುಖದ ತುಕ್ಕು ಒರೆಸಿ, ಮೇಲಿಂದ ಕೆಳಕ್ಕೆ ಆಂಗಲ್ ಮೀಟರ್ ಒತ್ತಿಟ್ರೆ ಔಟ್‌ಪುಟ್ ಎಷ್ಟು ಡಿಗ್ರಿ ಬಾಗಿದೆ ಅಂತ ನೇರ ಸಿಗುತ್ತೆ. ಅದಕ್ಕೂ ಮುಂಚೆ ಚಾಸಿಗೆ ರಸಮಟ್ಟ ಇಟ್ಟು ಗಾಡಿ ಸಮ ನಿಂತಿದ್ಯಾ ನೋಡ್ಕೊಳ್ಳಿ. ಡ್ರಮ್ 4 ಡಿಗ್ರಿ ಹಿಂದಕ್ಕೆ ತಗ್ಗಿದ್ರೆ ಹಿಂದಿನ ಹೌಸಿಂಗಿನ (ಆಕ್ಸಲ್) ಪಿನಿಯನ್ ಮೂತಿ, ಅಂದ್ರೆ ಶಾಫ್ಟ್ ಬಂದು ಸೇರೋ ತುದಿ, 4 ಡಿಗ್ರಿ ಮೇಲಕ್ಕೆ ಇರ್ಬೇಕು, ಅಂದ್ರೆ ಎರಡೂ ಒಂದಕ್ಕೊಂದು ಸಮಾನಾಂತರ. ಒಂದು ಡಿಗ್ರಿ ಆಚೀಚೆ ಆದ್ರೆ ನಡೆಯುತ್ತೆ, ಜಾಸ್ತಿ ಆದ್ರೆ ವೇಗ ಏರಿದಾಗ ಇಡೀ ಫ್ಲೋರ್ ನಡುಗುತ್ತೆ ಶಾಫ್ಟ್ ತುದಿಯ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಬೇಗ ಹೋಗುತ್ತೆ. ಸಣ್ಣಪುಟ್ಟದನ್ನ ಹಿಂದಿನ ಪಟ್ಟಾಗೂ (ಲೀಫ್ ಸ್ಪ್ರಿಂಗ್) ಹೌಸಿಂಗಿಗೂ ಮಧ್ಯೆ ಬೆಣೆ ಪ್ಲೇಟ್ ಕೊಟ್ಟು ಸರಿ ಮಾಡ್ಬಹುದು, ಆದ್ರೆ ಪಿನಿಯನ್ ತುಂಬಾ ಮೇಲಕ್ಕೆ ತಿರುಗಿಸಿದ್ರೆ ಅದ್ರ ಮುಂದಿನ ಬೇರಿಂಗಿಗೆ ಆಯಿಲ್ ಸರಿಯಾಗಿ ಹೋಗಲ್ಲ.

ಕೊಡಗು4ಬೈ4
ಮೇಲಿನವ್ರು ಹೇಳಿದ್ದು ಹಿಂದಿನ ಶಾಫ್ಟ್ ಕಥೆ, ಮುಂದಿಂದು ಬೇರೇನೇ ಇದೆ. ಹಿಂಭಾಗ ತಗ್ಗಿಸಿದಷ್ಟೂ ಡಾನಾ 18ರ ಮುಂದಿನ ಔಟ್‌ಪುಟ್ ಆಕಾಶ ನೋಡುತ್ತೆ, ಶಾಫ್ಟ್ ಮಾತ್ರ ಕೆಳಗೆ ಹೌಸಿಂಗ್ ಕಡೆಗೇ ಹೋಗ್ಬೇಕು, ಹಾಗಾಗಿ ಹಿಂದೆ ಕಳೆದ ಡಿಗ್ರಿ ಎಲ್ಲಾ ಮುಂದೆ ಕೂಡುತ್ತೆ. ಫೋರ್‌ವೀಲ್ ಹಾಕೋದು ಕೆಸರಲ್ಲಿ, ಏರಲ್ಲಿ, ಅದೂ ನಿಧಾನಕ್ಕೆ, ಆಗ ಸ್ವಲ್ಪ ನಡುಗಿದ್ರೂ ತಡ್ಕೊಳ್ಳುತ್ತೆ. ಮುಂದೆ ಲಾಕಿಂಗ್ ಹಬ್ ಇದ್ರೆ ಬಾಕಿ ಟೈಮಲ್ಲಿ ಆ ಶಾಫ್ಟ್ ತಿರುಗೋದೇ ಇಲ್ಲ. ಆದ್ರೂ 3-4 ಡಿಗ್ರಿಗಿಂತ ಹೆಚ್ಚು ಬಾಗಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಮುಂದಿನ ಪಟ್ಟಾಗೆ ಬೆಣೆ ಕೊಡೋಕೂ ಹೋಗ್ಬೇಡಿ, ಅಲ್ಲಿ ಕ್ಯಾಸ್ಟರ್ (ಚಕ್ರ ತಿರುಗೋ ಪಿನ್ನಿನ ಓರೆ) ಬದಲಾಗಿ ಸ್ಟೇರಿಂಗೇ ಕೆಡುತ್ತೆ.

ಇನ್ನು ಚೇಂಬರ್, ಅಂದ್ರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ. ಎಂಜಿನ್ ಚೇಂಬರ್‌ಗೆ ಕಲ್ಲಿಗಿಂತ ದೊಡ್ಡ ಶತ್ರು ನಿಮ್ಮದೇ ಮುಂದಿನ ಹೌಸಿಂಗು. ಗಾಡಿ ಹಳ್ಳಕ್ಕೆ ಬಿದ್ದಾಗ ಹೌಸಿಂಗ್ ಬಂಪ್ ಸ್ಟಾಪ್ (ಇನ್ನೂ ಮೇಲೇರದ ಹಾಗೆ ತಡೆಯೋ ರಬ್ಬರ್) ತನಕ ಮೇಲೆ ಬರುತ್ತೆ, ಡಿಫರೆನ್ಶಿಯಲ್ ಬಲಗಡೆ ಇರೋದ್ರಿಂದ ಆ ಕಡೆ ಜಾಗ ಇನ್ನೂ ಕಮ್ಮಿ. ಹೌಸಿಂಗ್ ಪೂರ್ತಿ ಮೇಲೆ ಬಂದಾಗ್ಲೂ ಮಧ್ಯೆ ಒಂದು ಇಂಚಾದ್ರೂ ಉಳೀಬೇಕು. ಟೈ ರಾಡ್ (ಮುಂದಿನ ಎರಡೂ ಚಕ್ರ ಸೇರಿಸೋ ಸ್ಟೇರಿಂಗ್ ಸರಳು) ಓಡಾಡೋ ಜಾಗನೂ ಹಾಗೇ ನೋಡಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಬಾನೆಟ್ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ, ಹರಿಕೇನ್ ಎಂಜಿನ್ನೇ ಎತ್ತರ, ಅದಕ್ಕೋಸ್ಕರಾನೇ 3ಬಿಗೆ ಅಷ್ಟೆತ್ತರದ ಬಾನೆಟ್ ಕೊಟ್ಟಿದ್ದು. ಆದ್ರೆ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗುವಾಗ ಆಫ್ ಆಗುವಾಗ ರಬ್ಬರ್ ಮೇಲೆ ಚೆನ್ನಾಗಿ ಅಲ್ಲಾಡುತ್ತೆ, ಮೇಲೂ ಒಂದಿಂಚು ಬಿಡ್ಲೇಬೇಕು.

ಸಕಲೇಶಪುರ_ಜೀಪ್
ಇಬ್ರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಡ್ರಮ್ ಅಳತೆ ತಗೊಂಡೆ, 1 ಡಿಗ್ರಿ ತಗ್ಗಿದೆ, ಪಿನಿಯನ್ 5 ಡಿಗ್ರಿ ಮೇಲಿದೆ. ಟ್ರಾನ್ಸ್‌ಫರ್ ಕೇಸ್ ಹಳೇ ಕ್ರಾಸ್ ಮೆಂಬರಿಗಿಂತ (ಚಾಸಿಯ ಅಡ್ಡ ತೊಲೆ) ಹತ್ರತ್ರ ಒಂದೂವರೆ ಇಂಚು ಮೇಲಿದೆ. ಅದನ್ನ ಹಳೇ ಎತ್ತರಕ್ಕೆ ಇಳಿಸಿ ಮುಂಭಾಗ ಹಾಗೇ ಬಿಟ್ರೆ ಸಾಕಾ? ಇನ್ನೊಂದು ವಿಷಯ, ಗಾಡಿ ಈಗ ಸ್ಟ್ಯಾಂಡ್ ಮೇಲಿದೆ, ಚಕ್ರ ನೇತಾಡ್ತಿದೆ.

ಲೇತ್_ಹಾಸನ
ಹಾಗಾದ್ರೆ ಪಿನಿಯನ್ ಅಳತೆ ಲೆಕ್ಕಕ್ಕೆ ತಗೋಬೇಡಿ ಅಣ್ಣ. ಪಟ್ಟಾ ಮೇಲೆ ಭಾರ ಬಿದ್ಮೇಲೆ ಪಿನಿಯನ್ ಆಂಗಲ್ಲೂ ಬೇರೆ, ಶಾಫ್ಟ್ ಇಳಿಜಾರೂ ಬೇರೆ. ಚಕ್ರ ನೆಲಕ್ಕೆ ಬಿಡಿ. ಈ ಡೀಸೆಲ್ ಎಂಜಿನ್ ಹರಿಕೇನಿಗಿಂತ ಭಾರ, ಮುಂದಿನ ಪಟ್ಟಾ ಕೂತೇ ಕೂರುತ್ತೆ, ಅದಕ್ಕೆ ರೇಡಿಯೇಟರ್, ಬ್ಯಾಟರಿ ಎಲ್ಲಾ ಅದರದರ ಜಾಗದಲ್ಲಿಟ್ಟು, ಎಂಜಿನ್ ಭಾರ ಚೈನ್ ಬ್ಲಾಕ್ ಮೇಲಿಲ್ಲದೆ ಚಾಸಿ ಮೇಲೆ ಮರದ ತುಂಡು ಕೊಟ್ಟು ಕೂರಿಸಿ, ಗಾಡಿ ನಾಲ್ಕು ಸಲ ಅದುಮಿ ಬಿಟ್ಟು ಆಮೇಲೆ ಅಳೀರಿ.

ಟ್ರಾನ್ಸ್‌ಫರ್ ಕೇಸ್ ಹಳೇ ಎತ್ತರಕ್ಕೆ ಇಳಿಸೋದು ಸರಿ. ಎಂಜಿನ್ನಿಂದ ಹಿಂದಿನ ಫೌಂಡೇಶನ್ ತನಕ ಸುಮಾರು ನಾಲ್ಕಡಿ ಅಂದ್ರೆ ಒಂದೂವರೆ ಇಂಚಿಗೆ 2 ಡಿಗ್ರಿ ಹತ್ರ ಬಾಗುತ್ತೆ, ಒಟ್ಟು 3 ಡಿಗ್ರಿ, ಅದೇ ಬೇಕಾಗಿರೋದು. ಕಲ್ಲಿನ ಭಯಕ್ಕೆ ಕ್ರಾಸ್ ಮೆಂಬರ್ ಕೆಳಗೆ ದಪ್ಪ ಗಾರ್ಡ್ ಪ್ಲೇಟ್ ಹಾಕಿ, ಅದಕ್ಕೋಸ್ಕರ ಇಡೀ ಸೆಟ್ ಮೇಲೆತ್ತೋದು ಬೇಡ. ಫ್ಯಾನ್ ನಡುಭಾಗ ರೇಡಿಯೇಟರ್ ಕೋರ್ ಮಧ್ಯಕ್ಕೆ ಬರ್ತಿದ್ಯಾ ಅಂತನೂ ನೋಡ್ಕೊಳ್ಳಿ, ಮೇಲಿನ ಟ್ಯಾಂಕ್ ಎದುರಿಗೆ ಬಂದ್ರೆ ಘಾಟೀಲಿ ಬಿಸಿ ಆಗುತ್ತೆ.

ಘಾಟಿ_ಡೀಸೆಲ್
ಒಂದು ಮಾತು ಸೇರಿಸ್ತೀನಿ. ಬ್ರಾಕೆಟ್ ಪೂರ್ತಿ ವೆಲ್ಡ್ ಮಾಡ್ದೆ ಬರೀ ಟ್ಯಾಕ್ ಹಾಕಿ, ಜಾಕ್ ಕೊಟ್ಟು ಹೌಸಿಂಗ್‌ನ ಬಂಪ್ ಸ್ಟಾಪಿಗೆ ಮುಟ್ಟಿಸಿ ನೋಡಿ. ಪಟ್ಟಾ ಗಟ್ಟಿ ಇದ್ದು ಅಷ್ಟು ಏರದಿದ್ರೆ ಮೇನ್ ಲೀಫ್ ಒಂದನ್ನೇ ಇಟ್ಟು ಬಾಕಿ ಬಿಚ್ಚಿ. ಶಾಫ್ಟಿನ ಸ್ಲಿಪ್ ಜಾಯಿಂಟ್ (ಉದ್ದ ಹೆಚ್ಚುಕಮ್ಮಿ ಆಗೋಕೆ ಜಾರೋ ಭಾಗ) ಆಗ ಒಳಗೆ ಹೋಗಿ ಕಚ್ಚಬಾರ್ದು, ಚಕ್ರ ಪೂರ್ತಿ ನೇತಾಡಿದಾಗ ಆಚೆಗೂ ಬರಬಾರ್ದು, ಶಾಫ್ಟ್ ಕಟ್ ಮಾಡ್ಸೋ ಅಳತೆ ಇದಾದ್ಮೇಲೇ ಕೊಡಿ. ಹಾಗೇ ಪೆಟ್ರೋಲ್‌ನಿಂದ ಡೀಸೆಲ್‌ಗೆ ಹೋಗ್ತಿರೋದ್ರಿಂದ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 (ಗಾಡಿ ಮಾರ್ಪಾಡಿನ ಬಗ್ಗೆ ಇರೋದು) ಬರುತ್ತೆ, ರೋಡಿಗೆ ಇಳಿಸೋ ಗಾಡಿ ಆದ್ರೆ ಆರ್‌ಟಿಒ ಆಫೀಸಲ್ಲಿ ಈಗ್ಲೇ ವಿಚಾರಿಸಿ, ಹಳೇ ಎಂಜಿನ್ ಗುಜರಿಗೆ ಕೊಡೋಕೆ ಮುಂಚೆ.