ಪದಚರ್ಚೆ: ‘ರೀಬೂಟ್’ ಅನ್ನುವುದಕ್ಕೆ ‘ಕಸಿ’ ಅಂದರೆ ನಡೆದೀತಾ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ವಲ್ಪ ಅರ್ಜೆಂಟ್ ಕೂಡ.

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಆಟದ ಕರಪತ್ರ, ಹೀಗೆ ಕನ್ನಡದಲ್ಲಿ ಅಚ್ಚಾಗಬೇಕಾದದ್ದು ಏನಿದ್ದರೂ ನನ್ನ ಕೀಬೋರ್ಡಿನ ಮೇಲೆ ಹಾದುಹೋಗುತ್ತದೆ. (‘ಆಟ’ ಅಂದರೆ ನಮ್ಮಲ್ಲಿ ಯಕ್ಷಗಾನ. ಈ ಕಾಗದದಲ್ಲಿ ಇನ್ನೊಂದು ಆಟವೂ ಬರುತ್ತದೆ, ಹಾಗಾಗಿ ಅದನ್ನು ‘ಗೇಮ್’ ಎಂದೇ ಬರೆಯುತ್ತೇನೆ.) ಈಗ ಒಂದು ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸ ಮೇಜಿನ ಮೇಲಿದೆ. ಅದಕ್ಕೆ ನನ್ನ ಅಕ್ಕನ ಮಗ ಲೇಖನ ಕೊಟ್ಟಿದ್ದಾನೆ. ಎರಡೂವರೆ ಪುಟ. ಅದರಲ್ಲಿ ‘ರೀಬೂಟ್’ 14 ಸಲ ಬಂದಿದೆ. ಅಂದರೆ ಹಳೆ ಸರಣಿಯ ಹೆಸರು ಉಳಿಸಿಕೊಂಡು ಕಥೆಯನ್ನು ಮೊದಲಿನಿಂದ ಬೇರೆಯಾಗಿ ಶುರು ಮಾಡುವುದು. “ಮಾವ, ಕನ್ನಡದ್ದು ಯಾವುದಾದರೂ ಇದ್ದರೆ ಹಾಕಿ” ಅಂತ ಹೇಳಿ ಹೋದ. ಹೇಳುವುದು ಸುಲಭ ಅಲ್ವಾ?

ವಿಷಯ ಇದು. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಡೆವಿಲ್ ಮೇ ಕ್ರೈ’ ಎಂಬ ಆ್ಯಕ್ಷನ್ ಗೇಮ್ 2001ರಲ್ಲಿ ಬಂತು. ನಾಯಕ ಡಾಂಟೆ. ಬೆಳ್ಳಿ ಬಣ್ಣದ ಕೂದಲು, ಉದ್ದ ಕೆಂಪು ಕೋಟು, ಒಂದು ದೊಡ್ಡ ಕತ್ತಿ, ಎರಡು ಪಿಸ್ತೂಲು. ನಾಲ್ಕು ಗೇಮ್ ಆಗುವಷ್ಟರಲ್ಲಿ ಈ ವೇಷ ಜನರ ಕಣ್ಣಿನಲ್ಲಿ ಕೂತುಬಿಟ್ಟಿತ್ತು. 2010ರ ಸೆಪ್ಟೆಂಬರಿನಲ್ಲಿ, ಟೋಕಿಯೊ ಗೇಮ್ ಶೋದಲ್ಲಿ, ಕ್ಯಾಪ್‌ಕಾಮ್ ಮುಂದಿನ ಗೇಮಿನ ತುಣುಕು ತೋರಿಸಿತು. ಮಾಡುವವರು ಬೇರೆ: ಇಂಗ್ಲೆಂಡಿನ ಕೇಂಬ್ರಿಜ್ ಊರಿನ ನಿಂಜಾ ಥಿಯರಿ. ಡಾಂಟೆಯೂ ಬೇರೆ. ಗಿಡ್ಡ ಕಪ್ಪು ಕೂದಲು, ಸಣಕಲು ಹುಡುಗ, ಬಾಯಲ್ಲಿ ಸಿಗರೇಟು. ಅಭಿಮಾನಿಗಳು ಕೆಂಡವಾದರು. 2013ರ ಜನವರಿಯಲ್ಲಿ ಗೇಮ್ ಹೊರಬರುವವರೆಗೂ ಆ ಸಿಟ್ಟು ಆರಲಿಲ್ಲ. ವಿಮರ್ಶಕರು ಚೆನ್ನಾಗಿದೆ ಅಂದರು. ಅದರಿಂದ ಏನೂ ಆಗಲಿಲ್ಲ.

ಹುಡುಗ ಬರೆದದ್ದರಲ್ಲಿ ನನಗೆ ಹಿಡಿಸಿದ್ದು ಒಂದು ದೃಶ್ಯ. ಗೇಮಿನ ಶುರುವಿನಲ್ಲೇ, ಹೊಡೆದಾಟದ ನಡುವೆ ಡಾಂಟೆ ಎಲ್ಲಿಗೋ ಎಸೆಯಲ್ಪಡುತ್ತಾನೆ. ಬಿಳಿ ಕುಚ್ಚಿನಂಥದ್ದೊಂದು ಬಂದು ಅವನ ತಲೆ ಮೇಲೆ ಕೂರುತ್ತದೆ. ಹಳೆ ಡಾಂಟೆಯ ಕೂದಲ ಹಾಗೆಯೇ. ಎದುರಿಗೆ ಕನ್ನಡಿ. ಅವನು ನೋಡಿಕೊಂಡು, ಹತ್ತು ಲಕ್ಷ ವರ್ಷ ಹೋದರೂ ಇದಾಗದು ಅನ್ನುವ ಅರ್ಥದ ಮಾತೊಂದನ್ನು ಹೇಳಿ ಅದನ್ನು ಕಿತ್ತು ಎಸೆಯುತ್ತಾನೆ. ಎರಡು ವರ್ಷದಿಂದ ಕೂದಲಿಗಾಗಿ ಜಗಳವಾಡಿದವರ ಮುಖಕ್ಕೆ ಮಾಡಿದ ತಮಾಷೆ ಇದು. ಕೆಲವರು ನಕ್ಕರು, ಹೆಚ್ಚಿನವರಿಗೆ ಉರಿಯಿತು. ಹುಡುಗ ಇದನ್ನು ‘ಹತ್ತು ಲಕ್ಷ ವರ್ಷಗಳಲ್ಲಿ ಅಲ್ಲ’ ಎಂದು ಬರೆದಿದ್ದ. ನಾನು ‘ಏಳೇಳು ಜನ್ಮಕ್ಕೂ ಬೇಡ’ ಎಂದು ತಿದ್ದಿದೆ. ಅವನು ಒಪ್ಪಿದ. ಅಷ್ಟು ಸುಲಭದಲ್ಲಿ ‘ರೀಬೂಟ್’ ಬಗೆಹರಿಯಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಫೋನಿನ ಮೆನುವಿನ ‘ಮರುಪ್ರಾರಂಭಿಸಿ’. ಫೋನಿಗೆ ಸರಿ. ಆದರೆ ಫೋನನ್ನು ಆಫ್ ಮಾಡಿ ಆನ್ ಮಾಡಿದರೆ ಬರುವುದು ಅದೇ ಫೋನು, ಅದೇ ವಾಲ್‌ಪೇಪರು. ಗೇಮನ್ನು ರೀಬೂಟ್ ಮಾಡಿದರೆ ಬರುವುದು ಬೇರೆಯೇ. ‘ಬೂಟ್’ ಪದದ ಮೂಲ ಚಪ್ಪಲಿ ಅಂಗಡಿಯದ್ದೇ. ಬೂಟಿನ ಹಿಂದೆ ಎಳೆದು ಹಾಕಿಕೊಳ್ಳಲು ಒಂದು ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷಿನ ಮಾತಿನಿಂದ ಬಂದದ್ದು. ಕಂಪ್ಯೂಟರ್ ಕೂಡ ಆರಂಭದಲ್ಲಿ ಒಂದು ಪುಟ್ಟ ಪ್ರೋಗ್ರಾಂನಿಂದ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಕಥೆಗಳ ಮಟ್ಟಿಗೆ ಇಂಗ್ಲಿಷಿನವರು ಅದರಿಂದ ತೆಗೆದುಕೊಂಡದ್ದು ‘ನೆನಪು ಅಳಿಸಿ ಶುರು ಮಾಡು’ ಅನ್ನುವ ಅರ್ಧವನ್ನು. ‘ಅದೇ ಯಂತ್ರ ಏಳುತ್ತದೆ’ ಅನ್ನುವ ಅರ್ಧವನ್ನು ಬಿಟ್ಟರು. ನಾವು ಪದಕ್ಕೆ ಪದ ಇಟ್ಟರೆ ಅವರು ಬಿಟ್ಟ ಅರ್ಧವೇ ನಮ್ಮ ಪಾಲಿಗೆ ಬರುತ್ತದೆ.

ಬೆಂಗಳೂರಿನ ಗೆಳೆಯರೊಬ್ಬರನ್ನು ಕೇಳಿದೆ. “ಮತ್ತೆಶುರು ಅನ್ನಿ, ಎಷ್ಟು ಚೆಂದ!” ಅಂದರು. ಅವರಿಗೆ ಚೆಂದ. ನಮ್ಮಲ್ಲಿ ‘ಮತ್ತೆ’ ಅಂದರೆ ಆಮೇಲೆ. “ಮತ್ತೆ ಬರ್ತೇನೆ” ಅಂತ ಕಾಸರಗೋಡಿನವರು ಹೇಳಿದರೆ ಈಗ ಬರುವುದಿಲ್ಲ, ಸ್ವಲ್ಪ ಹೊತ್ತಿನ ನಂತರ ಬರುತ್ತಾರೆ ಅಂತ. ಇನ್ನೊಂದು ಸಲ ಅನ್ನುವುದಕ್ಕೆ ನಾವು ‘ಪುನಃ’ ಅನ್ನುತ್ತೇವೆ. ಘಟ್ಟದ ಮೇಲೆ ಪುಸ್ತಕದ ಮಾತಿನಂತೆ ಕೇಳುವ ಈ ಪದವನ್ನು ಇಲ್ಲಿ ಮೀನು ಮಾರುವವರಿಂದ ಹಿಡಿದು ಎಲ್ಲರೂ ದಿನಕ್ಕೆ ಹತ್ತು ಸಲ ಆಡುತ್ತಾರೆ. ಹಾಗಾಗಿ ‘ಮತ್ತೆಶುರು’ ಎಂದು ಅಚ್ಚು ಹಾಕಿದರೆ ನಮ್ಮ ಕಾಲೇಜಿನ ಮಕ್ಕಳು ‘ಗೇಮ್ ಇನ್ನೂ ಶುರುವಾಗಿಲ್ಲ’ ಎಂದು ಓದಿಯಾರು.

‘ಮರು’ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಕೂತೆ. ಮರುಮುದ್ರಣ ಅಂದರೆ ಅದೇ ಪುಸ್ತಕ ಇನ್ನೊಂದು ಸಲ. ಆದರೆ ಮರುದಿನ? ಅದೇ ದಿನ ಪುನಃ ಬರುವುದಲ್ಲ, ಮುಂದಿನ ದಿನ. ಮರುಮಾತು ಅಂದರೆ ಉತ್ತರ ಅಥವಾ ಎದುರುಮಾತು. ನಮ್ಮ ನೆರೆಮನೆಯ ಮಲಯಾಳದಲ್ಲಿ ಉತ್ತರಕ್ಕೆ ‘ಮರುಪಡಿ’, ಹೊರನಾಡಿನಲ್ಲಿ ಇರುವವನಿಗೆ ‘ಮರುನಾಡನ್’. ಹಳಗನ್ನಡದಲ್ಲಿ ಇದನ್ನು ಶಕಟರೇಫ ಹಾಕಿ ‘ಮಱು’ ಎಂದು ಬರೆಯುತ್ತಿದ್ದರು. ‘ಬೇರೆ, ಮುಂದಿನ’ ಅನ್ನುವ ಅರ್ಥ ಅದರಲ್ಲಿ ಗಟ್ಟಿಯಾಗಿಯೇ ಇದೆ. ಇನ್ನು ‘ಮರುಮದುವೆ’ಯನ್ನು ನೋಡಿ. ಗಂಡೋ ಹೆಣ್ಣೋ ಒಬ್ಬರು ಹಳಬರು, ಜೊತೆ ಹೊಸತು. ಕ್ಯಾಪ್‌ಕಾಮ್ ಮಾಡಿದ್ದು ಇದೇ ಅಲ್ವಾ ಅಂತ ಒಂದು ಕ್ಷಣ ಖುಷಿಯಾಯಿತು. ಆದರೆ ಲೇಖನದ ತಲೆಬರಹದಲ್ಲಿ ‘ಡಾಂಟೆಯ ಮರುಮದುವೆ’ ಎಂದು ಹಾಕಿದರೆ ನಾಳೆ ಹುಡುಗ ಕಾಲೇಜಿಗೆ ಹೋಗುವ ಹಾಗಿಲ್ಲ.

‘ಮರುಹುಟ್ಟು’ ಕೇಳಲು ಚೆನ್ನಾಗಿದೆ. ಆದರೆ ಅದರಲ್ಲಿ ಹೊಗಳಿಕೆ ಇದೆ. ಸತ್ತದ್ದಕ್ಕೆ ಜೀವ ಬಂತು ಅನ್ನುವ ಭಾವ. ಸಿಟ್ಟಾದ ಅಭಿಮಾನಿ ಅದನ್ನು ಬಾಯಲ್ಲಿ ಹೇಳುವುದಿಲ್ಲ. ‘ಜೀರ್ಣೋದ್ಧಾರ’ವೂ ಆಗದು. ದೇವಸ್ಥಾನದ ಗೋಡೆ ಕೆಡವಿದರೂ ದೇವರನ್ನು ಬಾಲಾಲಯದಲ್ಲಿ (ತಾತ್ಕಾಲಿಕ ಗುಡಿಯಲ್ಲಿ) ಇಟ್ಟು, ಆಮೇಲೆ ಅದೇ ದೇವರನ್ನು ಒಳಗೆ ಕೂರಿಸುತ್ತಾರೆ. ಹಳೆ ಗೇಮಿನ ಚಿತ್ರ ಹೊಳಪು ಮಾಡಿ ಮಾರುವ ‘ರೀಮಾಸ್ಟರ್’ ಇದೆಯಲ್ಲ, ಅದಕ್ಕೆ ಬೇಕಾದರೆ ಜೀರ್ಣೋದ್ಧಾರ ಅನ್ನಬಹುದು. ‘ಬುಡಗಟ್ಟು’ ಅಂತ ನಾನೇ ಒಂದು ಹೊಸೆದು ನೋಡಿದೆ, ಬುಡದಿಂದ ಕಟ್ಟಿದ್ದು ಅಂತ. ಪ್ರೂಫ್ ನೋಡುವ ಹುಡುಗಿ ಅದನ್ನು ‘ಬುಡಕಟ್ಟು’ ಎಂದು ತಿದ್ದಿ ಕೊಟ್ಟಳು. ಅಲ್ಲಿಗೆ ಅದು ಮುಗಿಯಿತು.

ಹೀಗೆ ಅಂಗಡಿಯಲ್ಲಿ ಮಾತಾಡುತ್ತಿರುವಾಗ ಅಪ್ಪ ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಹುಡುಗ ಬಂದಿದ್ದ. ಅಪ್ಪ ಪೇಪರ್ ಮಡಚಿ ಅವನನ್ನು ವಿಚಾರಿಸಿಕೊಂಡರು.

“ಮೇಳ ಬದಲಾದದ್ದಕ್ಕೆ ಎಂತಕ್ಕೆ ಸಿಟ್ಟು? ಪ್ರಸಂಗ ಅದೇ ಅಲ್ವಾ?”

“ಪ್ರಸಂಗವೂ ಅದಲ್ಲ ಅಜ್ಜ.”

“ವೇಷ?”

“ಅದೂ ಅಲ್ಲ.”

“ಮತ್ತೆ ಹಳೆಯದು ಎಂತ ಉಂಟು?”

“ಹೆಸರು.”

ಅಪ್ಪ ಸ್ವಲ್ಪ ಸುಮ್ಮನಿದ್ದು ಹೇಳಿದರು: “ಹಾಗಾದರೆ ಅದು ಹಿಪ್ಪಲಿ ಕಸಿ.”

ಕಸಿಗೆ ಬರುವ ಮೊದಲು ಆ ಪ್ರಸಂಗದ ಮಾತು. ಕುಂಬಳೆಯ ಪಾರ್ತಿಸುಬ್ಬನ ಊರಿನವರು ನಾವು, ಯಾವುದಕ್ಕೂ ಯಕ್ಷಗಾನದ ಅಳತೆಗೋಲು ಇಡುವುದು ನಮ್ಮ ಚಾಳಿ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಬದಲಾಗುವುದಿಲ್ಲ. ಅದಕ್ಕೆ ಅರ್ಥ ಹೇಳುವವರು ಪ್ರತಿ ರಾತ್ರಿ ಹೊಸತಾಗಿ ಹೇಳುತ್ತಾರೆ. ಒಬ್ಬರ ಕೃಷ್ಣ ಇನ್ನೊಬ್ಬರ ಕೃಷ್ಣನಂತೆ ಇರುವುದಿಲ್ಲ. ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ, ಅದನ್ನು ಕೇಳಲೆಂದೇ ಹೋಗುತ್ತಾರೆ. ಹೊಸ ಸ್ಟುಡಿಯೋ ಕೂದಲು ಮಾತ್ರ ಬದಲಿಸಿದ್ದರೆ ಅದು ಹೊಸ ಅರ್ಥಗಾರಿಕೆ ಎಂದು ಜನ ಒಂದು ದಿನ ಸಹಿಸುತ್ತಿದ್ದರೋ ಏನೋ. ಅವರು ಪದ್ಯವನ್ನೇ ಬದಲಿಸಿದರು. ಹಳೆ ಡಾಂಟೆ ರಾಕ್ಷಸ ತಂದೆಗೂ ಮನುಷ್ಯ ತಾಯಿಗೂ ಹುಟ್ಟಿದವನು. ಹೊಸ ಡಾಂಟೆಯ ತಾಯಿ ದೇವದೂತೆ. ಅಲ್ಲಿಗೆ ಅವನಲ್ಲಿ ಮನುಷ್ಯನ ಪಾಲೇ ಇಲ್ಲ. ತಾಳವೂ ತಪ್ಪಿತು ಅನ್ನುತ್ತಾನೆ ಹುಡುಗ: ಹಳೆಯವು ಸೆಕೆಂಡಿಗೆ 60 ಫ್ರೇಮ್ (ಅಂದರೆ ಚಿತ್ರ) ಓಡುತ್ತಿದ್ದರೆ, ಇದು ಆಗಿನ ಕನ್ಸೋಲ್‌ಗಳಲ್ಲಿ 30ಕ್ಕೆ ಇಳಿಯಿತು. ಬೆರಳಿನ ಲೆಕ್ಕದಲ್ಲಿ ಕತ್ತಿ ಬೀಸುವವರಿಗೆ ಅದು ಚೆಂಡೆಯವನು ನಿದ್ದೆಗಣ್ಣಲ್ಲಿ ಬಾರಿಸಿದ ಹಾಗೆ. 2015ರ ಪರಿಷ್ಕೃತ ಆವೃತ್ತಿಯಲ್ಲಿ 60 ಮಾಡಿಕೊಟ್ಟರು.

ಈಗ ಕಸಿ. ನಮ್ಮ ತೆಂಗು, ಅಡಿಕೆಗೆ ಕಸಿ ಕಟ್ಟಲು ಬರುವುದಿಲ್ಲ. ಮಾವು, ಗೇರು, ಜಾಯಿಕಾಯಿಗೆ ಕಟ್ಟುತ್ತಾರೆ. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಂದರೆ ಬುಡದಿಂದಲೇ ಹೋಗುತ್ತದೆ. ಅದಕ್ಕೆ ಹಿಪ್ಪಲಿ ಜಾತಿಯ ಒಂದು ಗಿಡದ ಬೇರಿನ ಮೇಲೆ ಮೆಣಸಿನ ಕುಡಿ ಕಟ್ಟುತ್ತಾರೆ. ನೀರು ನಿಲ್ಲುವ ಜಾಗದಲ್ಲೂ ಆ ಬೇರು ತಡೆದುಕೊಳ್ಳುತ್ತದೆ. ಕೆಳಗೆ ಒಬ್ಬ, ಮೇಲೆ ಇನ್ನೊಬ್ಬ. ಹೆಸರೆಂಬ ಹಳೆ ಬೇರಿಗೆ ಬೇರೆ ಊರಿನ ಕುಡಿ. ಅಪ್ಪ ಹೇಳಿದ್ದು ಅಷ್ಟೇ ಆಗಿರಬಹುದು. ಆದರೆ ನನಗೆ ಇನ್ನೂ ಎರಡು ಕಂಡಿತು.

ಒಂದು, ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬೇರಿನ ಗಿಡದ್ದೇ ಚಿಗುರು ಒಡೆಯುತ್ತಿರುತ್ತದೆ. ಆಗಾಗ ಚಿವುಟದಿದ್ದರೆ ಮೇಲಿನ ಮೆಣಸು ಸೊರಗಿ, ಹಿಪ್ಪಲಿಯೇ ಪೊದೆಯಾಗುತ್ತದೆ. ಇಲ್ಲಿ ಆದದ್ದೂ ಹಾಗೆಯೇ. 2019ರ ಮಾರ್ಚಿನಲ್ಲಿ ‘ಡೆವಿಲ್ ಮೇ ಕ್ರೈ 5’ ಬಂತು. ಮಾಡಿದ್ದು ಕ್ಯಾಪ್‌ಕಾಮ್‌ನವರೇ, ನಿರ್ದೇಶಕ 3 ಮತ್ತು 4ನೆಯದನ್ನು ಮಾಡಿದ ಹಿದೆಯಾಕಿ ಇತ್ಸುನೊ. ಕಥೆ ಹಳೆಯದರ ಮುಂದುವರಿಕೆ, ಕೂದಲು ಪುನಃ ಬೆಳ್ಳಿ. ಕೇಂಬ್ರಿಜ್‌ನ ಕುಡಿ ಅಲ್ಲಿಗೇ ನಿಂತಿತು. ಆ ಕುಡಿಯಲ್ಲಿ ಕಾಯಿ ಬಿಡಲಿಲ್ಲ ಅಂತ ಮಾತ್ರ ಹೇಳಲಾರೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ನಾನೂ ಅರ್ಧ ಗಂಟೆ ನೋಡಿದೆ. ಬೀದಿಯೇ ಹರಿದು, ಗೋಡೆಗಳೇ ಎದ್ದು ಬಂದು ಅವನನ್ನು ಅಟ್ಟಿಸಿಕೊಂಡು ಹೋಗುವುದು ನೋಡಲು ಭರ್ಜರಿ.

ಎರಡು, ‘ಕಸಿ’ ನಮ್ಮಲ್ಲಿ ಕ್ರಿಯಾಪದವೂ ಹೌದು. ಕಸಿದುಕೊಳ್ಳು, ಕಸಿದರು. ಅಭಿಮಾನಿಯ ದೂರು ಪೂರ್ತಿ ಅದರಲ್ಲೇ ಇದೆ! ಕಂಪನಿಯ ಬಾಯಲ್ಲಿ ಅದು ನಾಮಪದ, ಅಭಿಮಾನಿಯ ಬಾಯಲ್ಲಿ ಕ್ರಿಯಾಪದ.

ತೊಡಕೂ ಇದೆ, ಮುಚ್ಚಿಡುವುದಿಲ್ಲ. ಹಳೆ ಸ್ಟುಡಿಯೋದವರೇ ತಮ್ಮ ಸರಣಿಯನ್ನು ಮೊದಲಿನಿಂದ ಶುರು ಮಾಡಿದರೆ? ‘ಟೂಂಬ್ ರೈಡರ್’ ಅನ್ನು 2013ರಲ್ಲಿ ಹೊಸತಾಗಿ ಶುರು ಮಾಡಿದ ಕ್ರಿಸ್ಟಲ್ ಡೈನಾಮಿಕ್ಸ್, ಅದಕ್ಕೆ ಮುಂಚೆಯೂ ಅದೇ ಸರಣಿಯ ಗೇಮ್‌ಗಳನ್ನು ಮಾಡುತ್ತಿದ್ದವರು. ಅಲ್ಲಿ ಹೊರಗಿನ ಕುಡಿ ಇಲ್ಲ. ಅದಕ್ಕೆ ‘ಹೊಸಕಟ್ಟು’ ಸಾಕೇನೋ. ಅಂದರೆ ಎರಡು ಪದ ಬೇಕಾಗುತ್ತದೆ: ಮನೆಯವರೇ ಮಾಡಿದರೆ ಹೊಸಕಟ್ಟು, ಹೊರಗಿನವರಿಗೆ ಕೊಟ್ಟು ಮಾಡಿಸಿದರೆ ಕಸಿ. ಇಂಗ್ಲಿಷಿನಲ್ಲಿ ಒಂದಿದ್ದರೆ ನಮ್ಮಲ್ಲಿಯೂ ಒಂದೇ ಇರಬೇಕು ಅಂತೇನೂ ಇಲ್ಲವಲ್ಲ. ಆದರೂ ಕೇಳುತ್ತೇನೆ, ನಿಮ್ಮ ಕಡೆ ತೋಟ ಇಲ್ಲದವರಿಗೆ ‘ಕಸಿ’ ಥಟ್ಟನೆ ಹೊಳೆಯುತ್ತದೆಯೇ? ‘ಕಣ್ಣು ಕಸಿ’ ಎಂದು ಆಸ್ಪತ್ರೆಯ ನೆನಪು ಮೊದಲು ಬರುತ್ತದೋ?

ಜೊತೆಗೆ ಇನ್ನೊಂದು. ಲೇಖನದ ಕೊನೆಯಲ್ಲಿ ಹುಡುಗ, “ನಮ್ಮ ಡಾಂಟೆಯನ್ನು ಲಗಾಡಿ ತೆಗೆದರು ಎಂದು ಅಭಿಮಾನಿಗಳು ಬೊಬ್ಬೆ ಹಾಕಿದರು” ಎಂದು ಬರೆದಿದ್ದಾನೆ. ಕಾಸರಗೋಡಿನಿಂದ ಮಂಗಳೂರಿನವರೆಗೆ ಇದು ಎಲ್ಲರಿಗೂ ಗೊತ್ತು. ಚೆನ್ನಾಗಿದ್ದದ್ದನ್ನು ಕೈಹಾಕಿ ಕೆಡಿಸುವುದು. ‘ಹಾಳು ಮಾಡಿದರು’ ಅಂದರೆ ಸಾಲದು. ಹಾಳು ತನ್ನಷ್ಟಕ್ಕೇ ಆಗಬಹುದು, ಲಗಾಡಿ ತೆಗೆಯಲು ಒಬ್ಬ ಬೇಕು. ಸಂಪಾದಕರು ಅದಕ್ಕೆ ಕೆಂಪು ಗೆರೆ ಎಳೆದು ‘ಗ್ರಾಮ್ಯ’ ಎಂದು ಬರೆದಿದ್ದಾರೆ. ನಾನು ಉಳಿಸಬೇಕು ಅನ್ನುವವನು. ಘಟ್ಟದ ಮೇಲಿನವರು ಇದೇ ಜಾಗದಲ್ಲಿ ಯಾವ ಮಾತು ಆಡುತ್ತೀರಿ? ‘ಕುಲಗೆಡಿಸಿದರು’ ಅನ್ನುವುದು ಹತ್ತಿರ ಬರುತ್ತದಾ, ಇಲ್ಲ ಅದರಲ್ಲಿ ಬೈಗುಳದ ಖಾರ ಜಾಸ್ತಿಯಾಯಿತಾ?

ಶುಕ್ರವಾರ ಸಂಜೆ ಫೈಲು ಮಂಗಳೂರಿನ ಪ್ರೆಸ್ಸಿಗೆ ಹೋಗಬೇಕು. ಸದ್ಯ ತಲೆಬರಹದಲ್ಲಿ ‘ರೀಬೂಟ್’, ಒಳಗೆ 13 ಕಡೆ ‘ಕಸಿ’ ಇದೆ. ಗುರುವಾರ ರಾತ್ರಿಯೊಳಗೆ ಯಾರಾದರೂ ಇದಕ್ಕಿಂತ ಒಳ್ಳೆಯದು ಕೊಟ್ಟರೆ ಹುಡುಕಿ ಬದಲಿಸಲು ಎರಡು ನಿಮಿಷ ಸಾಕು.