ಬೆರಳಚ್ಚಿನ ಅಟೆಂಡೆನ್ಸ್: "ಟೆಂಪ್ಲೇಟ್ ಮಾತ್ರ ಇಟ್ಕೊಳ್ತೀವಿ" ಅಂದ್ರೆ ನಂಬಬಹುದಾ?

ಹತ್ತುಬೆರಳು:
ಮುಂದಿನ ತಿಂಗಳಿಂದ ನಮ್ಮಾಫೀಸಲ್ಲಿ ಬೆರಳೊತ್ತಿ ಅಟೆಂಡೆನ್ಸ್ ಹಾಕ್ಬೇಕಂತೆ. ಮಷಿನ್ ಹಾಕೋಕೆ ಬಂದವ್ರನ್ನ ಕೇಳಿದ್ರೆ "ಫೋಟೋ ಇಟ್ಕೊಳಲ್ಲ ಸಾರ್, ಬರೀ ಟೆಂಪ್ಲೇಟ್, ಅದ್ರಿಂದ ವಾಪಸ್ ಬೆರಳಚ್ಚು ತೆಗೆಯೋಕಾಗಲ್ಲ" ಅಂತಾರೆ. ಪಾಸ್‌ವರ್ಡನ್ನ ಹ್ಯಾಶ್ ಮಾಡಿ, ಅಂದ್ರೆ ವಾಪಸ್ ತಿರುಗಿಸೋಕಾಗದ ಸಂಕೇತವಾಗಿ ಮಾಡಿ ಇಡ್ತಾರಲ್ಲ, ಇದೂ ಹಂಗೇನಾ? ಪಾಸ್‌ವರ್ಡ್ ಲೀಕಾದ್ರೆ ಬದಲಾಯಿಸ್ತೀನಿ, ಬೆರಳನ್ನ ಏನ್ಮಾಡ್ಲಿ, ಇರೋದೇ ಹತ್ತು.

ಗೆರೆಬರೆ:
ಹಂಗಲ್ಲ. ಟೆಂಪ್ಲೇಟ್ ಅಂದ್ರೆ ನಿಮ್ ಬೆರಳಿನ ಗೆರೆ ಎಲ್ಲಿ ಮುಗಿಯುತ್ತೆ, ಎಲ್ಲಿ ಕವಲೊಡೆಯುತ್ತೆ, ಯಾವ ದಿಕ್ಕಿಗೆ ಹೋಗುತ್ತೆ ಅನ್ನೋದ್ರ ಪಟ್ಟಿ. ಪಾಸ್‌ವರ್ಡ್ ಪ್ರತಿ ಸಲ ಅಕ್ಷರಕ್ಕಕ್ಷರ ಒಂದೇ ಇರುತ್ತೆ, ಆದ್ರೆ ಬೆರಳು ಇವತ್ತು ಓರೆಯಾಗಿ ಇಟ್ಟಿರ್ತೀರ, ನಾಳೆ ಒದ್ದೆಯಾಗಿರುತ್ತೆ, ಒಂಚೂರು ವ್ಯತ್ಯಾಸ ಆದ್ರೂ ಹ್ಯಾಶ್ ಪೂರ್ತಿ ಬೇರೆ ಬರುತ್ತೆ, ಅದಕ್ಕೇ ಸಾಮಾನ್ಯ ಮಷಿನ್‌ಗಳು ಟೆಂಪ್ಲೇಟನ್ನ ಗೂಢಲಿಪೀಲಿ ಇಟ್ಟಿದ್ರೂ ಹೋಲಿಸೋ ಹೊತ್ತಿಗೆ ಅದನ್ನ ಬಿಚ್ಚಲೇಬೇಕು. ವಾಪಸ್ ತೆಗೆಯೋಕಾಗಲ್ಲ ಅನ್ನೋದು ಹಳೇ ಕಥೆ. ಇಟಲಿಯ ಬೊಲೊನ್ಯಾ ಯೂನಿವರ್ಸಿಟಿಯವ್ರು 2007ರಲ್ಲೇ ಬರೀ ಟೆಂಪ್ಲೇಟಿಂದ ಬೆರಳಚ್ಚಿನ ಚಿತ್ರ ಕಟ್ಟಿ ಬೆರಳಚ್ಚು ಹೋಲಿಸೋ ಸಾಫ್ಟ್‌ವೇರ್‌ಗಳನ್ನ ಏಮಾರಿಸಿ ತೋರಿಸಿದ್ರು.

ಸುಮ್ನಿರಪ್ಪ:
ಇಷ್ಟೆಲ್ಲ ಯಾಕೆ ಗುರು, ಮುಟ್ಟಿದ ಲೋಟದ ಮೇಲೆಲ್ಲ ಬೆರಳಚ್ಚು ಬಿಟ್ಟೇ ಬರ್ತೀವಿ. 2014ರಲ್ಲಿ ಒಬ್ಬ ಜರ್ಮನ್ ಹ್ಯಾಕರ್ ಅಲ್ಲಿನ ರಕ್ಷಣಾ ಮಂತ್ರಿ ಉರ್ಸುಲಾ ಫಾನ್ ಡೆರ್ ಲೇಯೆನ್ ಅವ್ರ ಹೆಬ್ಬೆರಳಿನ ಗುರುತನ್ನ ಫೋಟೋ ನೋಡೇ ಮಾಡಿದ್ದ. ಗುಟ್ಟೇ ಅಲ್ಲದ್ದನ್ನ ಕಾಪಾಡೋದೇನು ಬಂತು.

ಗೆರೆಬರೆ:
ಲೋಟದಿಂದ ಸಿಗೋದು ಒಬ್ಬರದು, ಸರ್ವರ್ ಒಡೆದ್ರೆ ಒಂದೇ ಏಟಿಗೆ ಎಲ್ಲರದ್ದೂ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯಿಂದ ಸುಮಾರು 56 ಲಕ್ಷ ಜನರ ಬೆರಳಚ್ಚು ಕದ್ದೋಯ್ತು. ಇನ್ನೊಂದು, ಒಂದೇ ಥರದ ಟೆಂಪ್ಲೇಟ್ ಎರಡು ಕಡೆ ಇದ್ರೆ ಎರಡನ್ನೂ ತಾಳೆ ಹಾಕಿ ಅಲ್ಲಿದ್ದೋನೇ ಇಲ್ಲಿದ್ದಾನೆ ಅಂತ ಪತ್ತೆ ಮಾಡಬಹುದು, ನಂಗೆ ಕಳ್ಳತನಕ್ಕಿಂತ ಇದೇ ಜಾಸ್ತಿ ಭಯ.

ಜೊಳ್ಳುಕಾಳು:
ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. ಬೆರಳಚ್ಚನ್ನ ಬೇಕಂತಲೇ ಒಂದು ಲೆಕ್ಕದ ಪ್ರಕಾರ ತಿರುಚಿ, ತಿರುಚಿದ್ದನ್ನ ಮಾತ್ರ ಇಡೋದು, ಲೀಕಾದ್ರೆ ಲೆಕ್ಕ ಬದಲಾಯಿಸಿ ಹೊಸದು ಮಾಡೋದು. ಕ್ಯಾನ್ಸಲಬಲ್ ಬಯೋಮೆಟ್ರಿಕ್ಸ್ ಅಂತ ಐಬಿಎಂನವ್ರು 2001ರಲ್ಲೇ ಬರೆದಿದ್ರು. ಫಜಿ ವಾಲ್ಟ್ ಅಂತ ಇನ್ನೊಂದಿದೆ, ಗೆರೆ ಮುಗಿಯೋ, ಕವಲೊಡೆಯೋ ನಿಜವಾದ ಬಿಂದುಗಳ ಮಧ್ಯೆ ರಾಶಿ ಸುಳ್ಳು ಬಿಂದು ಸುರಿಯೋದು, ಕಾಳಿಗೆ ಜೊಳ್ಳು ಬೆರೆಸಿದಂಗೆ (ನನ್ ಹೆಸರು ಅಲ್ಲಿಂದಲೇ), ಸರಿಯಾದ ಬೆರಳು ಬಂದ್ರೆ ಮಾತ್ರ ಕಾಳು ಬೇರೆ ಆಗುತ್ತೆ. ಆದ್ರೆ ಅದೇ ಬೆರಳಿಂದ ಎರಡು ವಾಲ್ಟ್ ಮಾಡಿದ್ರೆ, ಎರಡೂ ಕೈಗೆ ಸಿಕ್ಕಿದವ್ನು ಒಂದರ ಮೇಲೊಂದು ಇಟ್ಟು ಜೊಳ್ಳು ತೂರಿಬಿಡ್ತಾನೆ. ತಿರುಚೋದ್ರಲ್ಲೂ ಅಷ್ಟೇ, ಜಾಸ್ತಿ ತಿರುಚಿದ್ರೆ ನಿಮ್ಮನ್ನೇ ಮಷಿನ್ ಗುರುತು ಹಿಡಿಯಲ್ಲ.

ಹತ್ತುಬೆರಳು ಅವ್ರೇ, ನೀವು ಕೇಳ್ಬೇಕಾದ್ದು ಒಂದೇ: ಹೋಲಿಕೆ ಎಲ್ಲಿ ನಡೆಯುತ್ತೆ? ಒಳ್ಳೇ ಫೋನ್‌ಗಳಲ್ಲಿ ಟೆಂಪ್ಲೇಟ್ ಫೋನಿಂದ ಆಚೆಗೇ ಹೋಗಲ್ಲ. ಹಂಗೇ ಟೆಂಪ್ಲೇಟ್ ನಿಮ್ ಐಡಿ ಕಾರ್ಡಿನ ಚಿಪ್ಪಲ್ಲೇ ಇದ್ದು ಹೋಲಿಕೆನೂ ಅಲ್ಲೇ ಆದ್ರೆ ಕದಿಯೋಕೆ ಒಂದೇ ಕಡೆ ರಾಶಿ ಬಿದ್ದಿರಲ್ಲ.

ಹತ್ತುಬೆರಳು:
ಕೇಳ್ದೆ. "ಎಲ್ಲಾ ಕ್ಲೌಡಲ್ಲಿದೆ ಸಾರ್, ಫುಲ್ ಸೇಫ್" ಅಂದ್ರು. ಕಾರ್ಡಿಂದು ಆಗುತ್ತಾ ಅಂತ ಎಚ್ಆರ್‌ಗೆ ಮೇಲ್ ಹಾಕಿದೀನಿ, ಅಲ್ಲಿವರೆಗೂ ಪೆನ್ನಲ್ಲೇ ಸೈನ್ ಮಾಡ್ತೀನಿ ಅಂದಿದೀನಿ.